ಎಣಿಕೆಗೆ ಸಿಗದ ರಾಣಿ

ನಮ್ಮ ಕಟ್ಟಡದ ವಾಟ್ಸಾಪ್ ಗ್ರೂಪಿಗೆ ಒಂದು ಭಾನುವಾರ ಬೆಳಿಗ್ಗೆ ಫೋಟೋ ಬಂತು. ಟೆರೇಸಿನ ಪ್ಯಾರಪೆಟ್ ಉದ್ದಕ್ಕೂ ಪಾರಿವಾಳದ ಹಿಕ್ಕೆ. ಕೆಳಗೆ ಎರಡೇ ಸಾಲು: ಮೇಲೆ ಕಾಳು ಹಾಕುವವರು ದಯವಿಟ್ಟು ನಿಲ್ಲಿಸಿ, ನಮ್ಮ ಮಗುವಿಗೆ ವ್ಹೀಸಿಂಗ್ ಇದೆ. ಯಾರ ಹೆಸರೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಎಂಟು ಮನೆಯ ಕಟ್ಟಡ ನಮ್ಮದು, ಮೇಲೆ ಕಾಳು ಹಾಕೋರು ನಮ್ಮ ಅವ್ವ ಒಬ್ರೇ.

ನಾವಿರೋದು ಸಿಂಗಾಪುರದಲ್ಲಿ. ವಿಮಾನ ಹತ್ತಿ ಹೋಗೋ ಸಿಂಗಾಪುರ ಅಲ್ಲ, ಎಂ.ಎಸ್. ಪಾಳ್ಯದ ಸರ್ಕಲ್ಲಿನಲ್ಲಿ ಅರ್ಧ ಆಯಸ್ಸು ಕಳೆದು ತಲುಪೋ ಸಿಂಗಾಪುರ. ಊರಲ್ಲಿ ಹೇಳಿದರೆ ಈಗಲೂ ಒಬ್ಬಿಬ್ಬರು ‘ಫಾರಿನ್ನಾ’ ಅಂತಾರೆ. ಅಪ್ಪ ಹೋದಮೇಲೆ ಅವ್ವನ್ನ ಶಿರಾ ಕಡೆಯ ನಮ್ಮೂರಿಂದ ಇಲ್ಲಿಗೆ ಕರಕೊಂಡು ಬಂದೆ. ಬಂದ ಮೂರನೇ ದಿನದಿಂದಲೇ ಬೆಳಿಗ್ಗೆ ಒಂದು ಬಟ್ಟಲು ನುಚ್ಚಕ್ಕಿ ಹಿಡಿದು ಟೆರೇಸಿಗೆ ಹೋಗೋಕೆ ಶುರು ಮಾಡಿದರು. ಊರಲ್ಲಿ ಕಣ ಮಾಡುವಾಗ ಅಪ್ಪ ರಾಶಿ ಎತ್ತಿದ ಮೇಲೆ ಮೂಲೆಯಲ್ಲಿ ಒಂದು ಹಿಡಿ ಬಿಡ್ತಿದ್ದರು, ಹಕ್ಕಿ ಪಾಲು ಅಂತ. ಅದರ ಮುಂದುವರಿಕೆ ಇದು ಅಂತ ನಾನೂ ಸುಮ್ಮನಿದ್ದೆ.

ಫೋಟೋ ಬಂದಮೇಲೆ ಸುಮ್ಮನಿರೋ ಹಾಗಿರಲಿಲ್ಲ. ಪಾರಿವಾಳದ ಹಿಕ್ಕೆ ಮತ್ತು ಪುಕ್ಕದ ಧೂಳಿನಿಂದ ಕೆಲವರ ಶ್ವಾಸಕೋಶಕ್ಕೆ ನಿಜವಾಗಿಯೂ ಪೆಟ್ಟು ಬೀಳುತ್ತೆ, ಅದೇನು ಗಾಳಿಸುದ್ದಿಯಲ್ಲ. 2025ರಲ್ಲಿ ಮುಂಬೈನ ದಾದರ್ ಕಬೂತರ್‌ಖಾನೆ ಮುಚ್ಚಿಸಿದಾಗ ಬೀದಿ ಜಗಳ ಆಗಿ, ವಿಷಯ ಹೈಕೋರ್ಟಿನಲ್ಲಿದ್ದದ್ದು ನೆನಪಿರಬಹುದು. ನಮ್ಮಲ್ಲಿ ಅಷ್ಟು ದೂರ ಹೋಗೋದು ಬೇಡ ಅಂತ ನಾನು ಇಂಜಿನಿಯರ್ ಮಾಡೋ ಕೆಲಸ ಮಾಡಿದೆ. ಅಂದ್ರೆ ಡೇಟಾ ಕಲೆ ಹಾಕಿದೆ.

ಏಳು ದಿನ ಬೆಳಿಗ್ಗೆ ಆರೂವರೆಯಿಂದ ಏಳೂಕಾಲು, ನೀರಿನ ಟ್ಯಾಂಕಿನ ಪಕ್ಕ ಕೂತು ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದೆ. ಪಾರಿವಾಳ ಎಷ್ಟು, ಕಾಗೆ ಎಷ್ಟು, ಗೊರವಂಕ ಎಷ್ಟು, ಅಳಿಲು ಎಷ್ಟು. ಯಾರು ಯಾರನ್ನ ಓಡಿಸಿದರು. ಕೊನೆಗೆ ‘ಜನ’ ಅಂತಲೂ ಒಂದು ಕಾಲಂ ಇಟ್ಟಿದ್ದೆ. ಅವ್ವ ಯಾರ ಜೊತೆಗಾದರೂ ಮಾತಾಡಿದರೆ ಅಲ್ಲಿ ಒಂದು ಗೀಟು.

‘ಅದೇನಪ್ಪ ಬರ್ಕೊಳದು? ಪಾರಿವಾಳಕ್ಕೂ ಹಾಜರಿ ಹಾಕ್ತೀಯಾ?’ ಅಂದರು ಅವ್ವ.

ಫಲಿತಾಂಶ ಸ್ಪಷ್ಟ ಇತ್ತು. ಗೀಟುಗಳಲ್ಲಿ ಮುಕ್ಕಾಲು ಪಾಲು ಪಾರಿವಾಳದ್ದೇ. ಗುಬ್ಬಿ ಒಂದೂ ಇಲ್ಲ. ಜನರ ಕಾಲಂ ಏಳೂ ದಿನ ಸೊನ್ನೆ. ಅಂದರೆ ಅವ್ವ ಬೆಂಗಳೂರಿನ ಪಾರಿವಾಳಗಳನ್ನ ಸಾಕ್ತಿದ್ದಾರೆ, ಅದರಿಂದ ಅವ್ವನಿಗೆ ಏನೂ ಸಿಗ್ತಿಲ್ಲ, ಕೆಳಗಿನ ಮಗುವಿಗೆ ತೊಂದರೆ ಆಗ್ತಿದೆ. ನಾನು ಹೇಳಿದೆ, ಅವ್ವ ನಿಲ್ಲಿಸಿದರು. ವಾದ ಮಾಡಲಿಲ್ಲ. ಗ್ರೂಪಿನಲ್ಲಿ ಮೂರು ಹೆಬ್ಬೆರಳು ಬಂದವು.

ಇದು ನನ್ನ ಮನೆ ಕತೆ ಆಯ್ತು. ನಾನು ತಕರಾರು ತೆಗೆಯಬೇಕು ಅಂತಿರೋದು ನಾನು ಬಳಸಿದ ವಿಧಾನದ ಮೇಲೆ, ಮತ್ತು ಅದರ ಹಿಂದಿರೋ ಒಂದು ಪದದ ಮೇಲೆ. ಆ ಪದ ‘ಇಂಟರಾಕ್ಷನ್’. ಎರಡು ಪ್ರೋಟಾನ್ ಡಿಕ್ಕಿ ಹೊಡೆದರೂ ಅದೇ, ಎರಡು ಮೈನಾ ಒಂದು ಹುಳಕ್ಕೆ ಕಿತ್ತಾಡಿದರೂ ಅದೇ, ನಾನೂ ನೀವೂ ದರ್ಶಿನಿಯಲ್ಲಿ ಕಾಫಿ ಕುಡಿದರೂ ಅದೇ. ನನ್ನ ಆಫೀಸಿನಲ್ಲಂತೂ ಯಾರೋ ಒಂದು ಬಟನ್ ಒತ್ತಿದರೂ ಅದೇ. ಪಠ್ಯಪುಸ್ತಕದ ಕನ್ನಡದಲ್ಲಿ ಅಂತರಕ್ರಿಯೆ ಅಂತಾರೆ. ಆದರೆ ಬಾಯಿಮಾತಿನ ಕನ್ನಡದಲ್ಲಿ ಇದಕ್ಕೆ ಒಂದು ಪದ ಇಲ್ಲ. ಡಿಕ್ಕಿ ಬೇರೆ, ಜಗಳ ಬೇರೆ, ಮುಖಾಮುಖಿ ಬೇರೆ, ಒಡನಾಟ ಬೇರೆ, ಸುಮ್ಮನೆ ಜೊತೆಗೆ ಕೂರೋದು ಬೇರೆ. ಪದ ಇಲ್ಲದಿರೋದು ನಮ್ಮ ಭಾಷೆಯ ಬಡತನ ಅಂತ ಕಾಲೇಜಿನಲ್ಲಿ ಅಂದ್ಕೊಂಡಿದ್ದೆ. ಈಗ ಹಾಗನ್ನಿಸಲ್ಲ.

ಆದರೆ ಒಂದೇ ಪದದಲ್ಲಿ ಎಲ್ಲವನ್ನೂ ಹಿಡಿಯೋ ಆಸೆ ಪೂರ್ತಿ ಹುಚ್ಚು ಅಂತಲೂ ಹೇಳೋ ಹಾಗಿಲ್ಲ. ಬಹಳ ಸೊಗಸಾದ ಕೆಲಸಗಳು ಅದರಿಂದ ಬಂದಿವೆ, ನಮ್ಮ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅಂತಿದ್ದ ಜಾಗದ, ವಿಶ್ವೇಶ ಗುತ್ತಲ್ ಮತ್ತು ಸಂಗಡಿಗರು 2020ರಲ್ಲಿ ‘ನೇಚರ್ ಫಿಸಿಕ್ಸ್’ ಪತ್ರಿಕೆಯಲ್ಲಿ ಮೀನಿನ ಹಿಂಡಿನ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಮೊದಲ ಲೇಖಕ ಜಿತೇಶ್ ಝಾವರ್. ಮೀನು, ಕೇರಳದವರು ಕರಿಮೀನ್ ಅಂತ ಚಪ್ಪರಿಸೋ ಜಾತಿಯದು. ಹದಿನೈದು, ಮೂವತ್ತು, ಅರವತ್ತು ಮೀನುಗಳ ಗುಂಪು ಮಾಡಿ ತೊಟ್ಟಿಗೆ ಬಿಟ್ಟು, ವಿಡಿಯೋದಲ್ಲಿ ಪ್ರತಿ ಮೀನು ಯಾವ ಕಡೆ ಮುಖ ಮಾಡಿದೆ ಅಂತ ಹಿಡಿದರು.

ಹಳೇ ನಂಬಿಕೆ ಏನಂದ್ರೆ, ಪ್ರತಿ ಮೀನೂ ಸುತ್ತಲಿನವರ ಸರಾಸರಿ ದಿಕ್ಕು ನೋಡಿ ತಾನೂ ತಿರುಗುತ್ತೆ, ಹಾಗಾಗಿ ಹಿಂಡು ಒಂದೇ ಕಡೆ ಹೋಗುತ್ತೆ. ಇವರ ಲೆಕ್ಕ ಹೇಳಿದ್ದು ಬೇರೆ. ಒಂದು ಮೀನು ಆ ಹೊತ್ತಿಗೆ ಯಾವುದೋ ಇನ್ನೊಂದೇ ಒಂದು ಮೀನನ್ನ ಅನುಸರಿಸಿದರೆ ಸಾಕು. ಹಾಗಾದರೆ ಎಲ್ಲರೂ ಒಂದೇ ಕಡೆ ತಿರುಗೋದು ಹೇಗೆ? ಆಕಸ್ಮಿಕದಿಂದ. ಗುಂಪು ಚಿಕ್ಕದಿದ್ದಾಗ ಈ ಅವನ್ನ-ನೋಡಿ-ಇವನು ಆಟದಲ್ಲಿ ಯಾವುದೋ ಒಂದು ದಿಕ್ಕು ಗೆದ್ದುಬಿಡುತ್ತೆ. ಗುಂಪು ದೊಡ್ಡದಾದಷ್ಟೂ ಆ ಒಮ್ಮತ ಸಡಿಲ. ಗದ್ದಲ ಶಿಸ್ತನ್ನ ಕೆಡಿಸುತ್ತೆ ಅಂತ ನಾವು ಓದಿದ್ದೆವು, ಇಲ್ಲಿ ಗದ್ದಲವೇ ಶಿಸ್ತು ತರ್ತಿದೆ. ನಾಲ್ಕು ಜನ ಗೆಳೆಯರು ಬೇಗ ಒಂದು ಸಿನಿಮಾಕ್ಕೆ ಹೊರಟುಬಿಡ್ತಾರೆ, ನಲವತ್ತು ಜನರ ಟೀಮ್ ಲಂಚ್ ಯಾವತ್ತೂ ಹೊರಡಲ್ಲ. ಈ ಹೋಲಿಕೆ ನಂದು, ಪ್ರಬಂಧದವರ ಮೇಲೆ ಹೊರಿಸಬೇಡಿ.

ನನಗೆ ಆ ಕೆಲಸದಲ್ಲಿ ಇಷ್ಟ ಆಗೋದು ಅದರ ಮಿತವ್ಯಯ. ಎಲ್ಲ ಮೀನೂ ಒಂದೇ ಅಂತ ಇಟ್ಟುಕೊಂಡರೂ ಕಂಡದ್ದನ್ನ ವಿವರಿಸಬಹುದು ಅನ್ನೋದನ್ನ ತೊಟ್ಟಿಯ ಎದುರು ಕೂತು ಪರೀಕ್ಷೆ ಮಾಡಿದ್ದಾರೆ. ತಪ್ಪು ಶುರುವಾಗೋದು ಆ ‘ಎಲ್ಲರೂ ಒಂದೇ’ ಅನ್ನೋದನ್ನ ಪರೀಕ್ಷೆ ಮಾಡದೆ ಎತ್ತಿಕೊಂಡು ಹೋದಾಗ. ನಮ್ಮ ಸಾಫ್ಟ್‌ವೇರಿನವರಿಗೆ ಈ ಚಟ ಜಾಸ್ತಿ. ಭೌತವಿಜ್ಞಾನಿಗಳೂ ಕಮ್ಮಿಯಿಲ್ಲ. 1995ರಲ್ಲಿ ಡಿರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೊಲ್ನಾರ್ ಪಾದಚಾರಿಗಳಿಗೆ ಬಲದ ಸಮೀಕರಣ ಬರೆದರು. ತಲುಪಬೇಕಾದ ಕಡೆಗೆ ಒಂದು ಎಳೆತ, ಎದುರಿನವರಿಂದ ಮತ್ತು ಗೋಡೆಯಿಂದ ಒಂದು ತಳ್ಳು. ಗೆಳೆಯರ ಸೆಳೆತಕ್ಕೂ ಅದರಲ್ಲಿ ಜಾಗ ಕೊಟ್ಟಿದ್ದಾರೆ, ಇಲ್ಲ ಅನ್ನಬಾರದು. ಆಫೀಸು ಬಿಟ್ಟ ಹೊತ್ತಲ್ಲಿ ಮೆಜೆಸ್ಟಿಕ್ ಮೆಟ್ರೋದಲ್ಲಿ ನಿಂತು ನೋಡಿ, ಅದು ಅಕ್ಷರಶಃ ನಿಜ ಅನ್ನಿಸುತ್ತೆ, ಬರೋರು ಹೋಗೋರು ತಾವಾಗಿಯೇ ಸಾಲು ಕಟ್ಟಿಕೊಳ್ತಾರೆ. ಯಾಕಂದ್ರೆ ಅಲ್ಲಿ ನಾವು ಯಾರಿಗೂ ಯಾರೂ ಅಲ್ಲ. ನಮ್ಮೂರ ಸಂತೆಯಲ್ಲಿ ಅಪ್ಪನ ಜೊತೆ ನಡೆದಿದ್ದರೆ ಗೊತ್ತಾಗೋದು. ನೂರು ಹೆಜ್ಜೆಗೆ ಒಂದು ಗಂಟೆ. ಒಬ್ಬರ ಹತ್ತಿರ ನಿಲ್ಲೋದು ಹಳೇ ಸಾಲಕ್ಕೆ, ಇನ್ನೊಬ್ಬರನ್ನ ತಪ್ಪಿಸಿ ಸುತ್ತು ಹಾಕೋದು ಹತ್ತು ವರ್ಷದ ಹಿಂದಿನ ಬದುವಿನ ಜಗಳಕ್ಕೆ. ಆ ಬಲ ಎಷ್ಟು ದೂರದಿಂದ ಎಳೆಯುತ್ತೆ ಅಂತ ಮೀಟರಿನಲ್ಲಿ ಹೇಳೋದು ಕಷ್ಟ.

ಸರಿ, ಹಕ್ಕಿಗೆ ಬರೋಣ. ಮೇವಿನ ಹತ್ತಿರ ಸೇರೋ ಹಕ್ಕಿಗಳು ಅಂದ್ರೆ ಪೈಪೋಟಿ, ಅಲ್ವಾ? ನನ್ನ ನೋಟ್‌ಬುಕ್ಕೂ ಅದನ್ನೇ ಹೇಳಿತ್ತು. ಯಾರು ಯಾರನ್ನ ಓಡಿಸಿದರು ಅಂತಲೇ ಕಾಲಂ ಮಾಡಿದಮೇಲೆ ಇನ್ನೇನು ಸಿಗುತ್ತೆ! ಹರಿ ಶ್ರೀಧರ್ ಉತ್ತರ ಕನ್ನಡದ ಅಣಶಿ ಕಾಡಿನಲ್ಲಿ ಬೇರೆ ಬೇರೆ ಜಾತಿಯ ಹಕ್ಕಿಗಳು ಒಟ್ಟಿಗೆ ಗುಂಪು ಕಟ್ಟಿ ಮೇಯೋದನ್ನ ವರ್ಷಗಟ್ಟಲೆ ಹಿಂಬಾಲಿಸಿದವರು. ಅವರೂ ಕಾರ್ತಿಕ್ ಶಂಕರ್ ಮೊದಲಾದವರೂ ಸೇರಿ 2012ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ಇಂಥ ಗುಂಪುಗಳ ಮಾಹಿತಿ ಒಟ್ಟಿಗಿಟ್ಟು ನೋಡಿದರು. ಪೈಪೋಟಿಯೇ ಮುಖ್ಯ ಆಗಿದ್ದರೆ ಒಂದೇ ಥರದ ಹಕ್ಕಿಗಳು ಒಂದನ್ನೊಂದು ತಪ್ಪಿಸಬೇಕಿತ್ತು. ಕಂಡದ್ದು ಉಲ್ಟಾ. ಹೋಲಿಕೆ ಇರೋ ಹಕ್ಕಿಗಳೇ ಹೆಚ್ಚು ಜೊತೆಗಿರ್ತವೆ. ಜೊತೆಗಿದ್ದರೆ ಗಿಡುಗ ಬಂದದ್ದು ಬೇಗ ತಿಳಿಯುತ್ತೆ, ಎಲ್ಲಿ ಮೇವಿದೆ ಅನ್ನೋದೂ ತಿಳಿಯುತ್ತೆ. ಕಿತ್ತಾಟವನ್ನ ಎಣಿಸೋದು ಸುಲಭ. ಜೊತೆಗಿರೋದನ್ನ ಎಣಿಸಬೇಕಾದರೆ ಕಾಡಲ್ಲಿ ಹಿಂದೆ ಹಿಂದೆ ನಡೀಬೇಕು.

ಆದರೆ ನನ್ನ ನೋಟ್‌ಬುಕ್ಕಿಗೆ ಸರಿಯಾಗಿ ಬುದ್ಧಿ ಹೇಳಿದ್ದು ಹಕ್ಕಿಯಲ್ಲ, ಕಣಜದ ಹುಳ. ನಮ್ಮ ಕಡೆ ಕಡ್ಜ ಅಂತೀವಿ. ಸೂರಿನಡಿ ಕಾಗದದಂಥ ಗೂಡು ಕಟ್ಟಿ, ಕೈ ಹಾಕಿದರೆ ಮುಖ ಊದಿಸೋ ಹುಳ. ರಾಘವೇಂದ್ರ ಗದಗ್ಕರ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕಿಟಕಿಯಲ್ಲಿ ಕಂಡ ‘ರೊಪಾಲಿಡಿಯಾ ಮಾರ್ಜಿನೇಟಾ’ ಅನ್ನೋ ಜಾತಿಯ ಹಿಂದೆ ಬಿದ್ದು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇಡೀ ಜೀವಮಾನದ ಸಂಶೋಧನೆ ಮಾಡಿದರು. ಅದೂ ಎಣಿಕೆಯೇ. ಪ್ರತಿ ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಎಷ್ಟು ಹೊತ್ತು ಕೂತಿತ್ತು, ಯಾರ ಮೇಲೆ ಏರಿ ಹೋಯ್ತು, ಎಷ್ಟು ಸಲ ಹೊರಗೆ ಹೋಗಿ ಮೇವು ತಂತು ಅಂತ ಗಂಟೆಗಟ್ಟಲೆ ಬರೆದುಕೊಂಡರು. ಲೆಕ್ಕ ಹಾಕಿದಾಗ ಗೂಡಿನಲ್ಲಿ ಮೂರು ಬಗೆಯವರು ಕಂಡರು: ಕೂರುವವರು, ಕಾದಾಡುವವರು, ಮೇವು ತರುವವರು. 1983ರಲ್ಲಿ ಎನ್.ವಿ. ಜೋಶಿ ಅವರೊಂದಿಗೆ ಬರೆದ ಪ್ರಬಂಧದಲ್ಲಿ ಇದೆ ಇದು.

ಈಗ ರಾಣಿ ಯಾರು ಹೇಳಿ? ಕಾದಾಡುವವರಲ್ಲಿ ಒಬ್ಬಳು ಅಂತೀರಿ. ಇದೇ ಕುಲದ ಇನ್ನೊಂದು ಜಾತಿಯಲ್ಲಿ ಹಾಗೇ ಇದೆ. ಆದರೆ ಮಾರ್ಜಿನೇಟಾದ ರಾಣಿ ಕೂರುವವರ ಪೈಕಿ. ಯಾರ ತಂಟೆಗೂ ಹೋಗಲ್ಲ, ಗುದ್ದಾಟ ಇಲ್ಲ, ಒದ್ದಾಟ ಇಲ್ಲ. ಇಡೀ ಗೂಡಿನಲ್ಲಿ ಮೊಟ್ಟೆ ಇಡೋಳು ಮಾತ್ರ ಅವಳೊಬ್ಬಳೇ. ಅವಳನ್ನ ತೆಗೆದು ನೋಡಿ, ಕೆಲವೇ ನಿಮಿಷದಲ್ಲಿ ಕೆಲಸದವಳೊಬ್ಬಳು ರುದ್ರಾವತಾರ ತಾಳ್ತಾಳೆ. ಹಳೇ ರಾಣಿಯನ್ನ ವಾಪಸ್ ಇಟ್ಟರೆ ತಣ್ಣಗಾಗ್ತಾಳೆ. ಇಡದಿದ್ದರೆ ಸುಮಾರು ಒಂದು ವಾರದಲ್ಲಿ ಹೊಸ ರಾಣಿಯಾಗಿ ಅವಳೂ ಸಾಧು ಆಗ್ತಾಳೆ. ಬೇರೆ ಯಾರೂ ಅವಳ ಜೊತೆ ಪೈಪೋಟಿಗೆ ಬರಲ್ಲ. ಹಾಗಾದರೆ ಮುಂದಿನ ರಾಣಿ ಯಾರು ಅಂತ ಅವರಿಗೆಲ್ಲ ಮೊದಲೇ ಗೊತ್ತಿತ್ತಾ? 2008ರಲ್ಲಿ ಅನಿಂದಿತಾ ಭದ್ರ ಮತ್ತು ಗದಗ್ಕರ್ ಒಂದು ಚೆಂದದ ಪ್ರಯೋಗದಿಂದ ತೋರಿಸಿದ್ದು ಇದನ್ನೇ: ಹುಳಗಳಿಗೆ ಗೊತ್ತಿರುತ್ತೆ. ಅವುಗಳ ಎಲ್ಲ ನಡವಳಿಕೆಯನ್ನೂ ಬರೆದುಕೊಂಡ ವಿಜ್ಞಾನಿಗಳಿಗೆ ಮಾತ್ರ ರಾಣಿಯನ್ನ ತೆಗೆಯೋ ತನಕ ಯಾರು ಅಂತ ಹೇಳೋಕೆ ಬರಲ್ಲ.

ರಾಣಿ ಇದ್ದಾಳೆ ಅನ್ನೋದು ಗೂಡಿಗೆ ತಿಳಿಯೋದು ಒಂದು ರಾಸಾಯನಿಕದ ಮೂಲಕ. ಗೀಟು ಹಾಕೋರಿಗೆ ಅದು ಕಾಣಲ್ಲ. ನನ್ನ ಥರದವನು ಒಬ್ಬ ಆ ಗೂಡಿನ ಮುಂದೆ ಏಳು ದಿನ ಕೂತಿದ್ದರೆ, ರಾಣಿಯ ಮುಂದೆ ಸೊನ್ನೆ ಬರೆದು, ಇವಳಿಂದ ಏನೂ ಪ್ರಯೋಜನ ಇಲ್ಲ ಅಂತ ವರದಿ ಕೊಡ್ತಿದ್ದ. ನಾನು ಮೊದಲು ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಹಾಗೇ ಆಯ್ತು. ಟಿಕೆಟ್ ಎಷ್ಟು ಮುಚ್ಚಿದರು, ಮೆಸೇಜ್ ಎಷ್ಟು ಹಾಕಿದರು ಅಂತ ಅಪ್ರೈಸಲ್ ಮಾಡಿ, ಮಾತೇ ಆಡದ ಹಿರಿಯ ಟೆಸ್ಟರ್ ಒಬ್ಬರನ್ನ ಕಳಿಸಿದರು. ಆಮೇಲೆ ಆರು ತಿಂಗಳು ಪ್ರತಿ ರಿಲೀಸಿಗೂ ನಾವು ರಾತ್ರಿ ಕೂತೆವು.

ಸೊನ್ನೆ ಸಿಕ್ಕಾಗ ಏನು ಮಾಡಬೇಕು ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೇ ಪಾಠ ಇದೆ, ಕೋಲಾರದ ಚಿನ್ನದ ಗಣಿಯಲ್ಲಿ. ಸಿನಿಮಾ ಬಂದಮೇಲೆ ಕೆಜಿಎಫ್ ಅಂದರೆ ಬಂದೂಕು ಅನ್ನೋ ಹಾಗಾಗಿದೆ, ಇರಲಿ. ನಂಜನಗೂಡಿನ ಬಿ.ವಿ. ಶ್ರೀಕಂಠನ್ 1950ರ ದಶಕದ ಶುರುವಿನಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು ಆ ಗಣಿಯೊಳಗೆ ಉಪಕರಣ ಇಳಿಸಿದ್ದರು. ಆಕಾಶದಿಂದ ಬರೋ ಕಣಗಳು ನೆಲದೊಳಗೆ ಎಷ್ಟು ಆಳದ ತನಕ ಇಳೀತವೆ ಅಂತ ನೋಡೋದು ಕೆಲಸ. ಕೆಳಗೆ ಹೋದಷ್ಟೂ ಎಣಿಕೆ ಕಮ್ಮಿ ಆಗ್ತಾ ಬಂತು. 1960ರ ದಶಕದ ಶುರುವಿನಲ್ಲಿ ಎರಡೂವರೆ ಕಿಲೋಮೀಟರಿಗಿಂತ ಆಳದಲ್ಲಿ ಇಟ್ಟಾಗ ಸುಮಾರು ಎರಡು ತಿಂಗಳು ಒಂದೂ ಎಣಿಕೆ ಬರಲಿಲ್ಲ. ಎರಡು ತಿಂಗಳು, ಆ ಸೆಕೆಯಲ್ಲಿ, ಸೊನ್ನೆ.

ನಾನಾಗಿದ್ದರೆ ಪ್ರಾಜೆಕ್ಟ್ ಮುಚ್ಚಿ ಮೇಲೆ ಬರ್ತಿದ್ದೆ. ಅವರು ಯೋಚಿಸಿದ್ದು ಹೀಗೆ: ಗದ್ದಲವೆಲ್ಲ ಬಂಡೆಯಲ್ಲೇ ನಿಂತುಹೋಗಿದೆ, ಹಾಗಾದರೆ ಇಲ್ಲಿ ಏನಾದರೂ ಕಂಡರೆ ಅದು ಯಾವುದರ ಜೊತೆಗೂ ತಗುಲಿಕೊಳ್ಳದೆ ಭೂಮಿಯನ್ನೇ ದಾಟಿ ಹೋಗೋ ನ್ಯೂಟ್ರಿನೋದ ಕುರುಹೇ ಆಗಿರಬೇಕು. ಸೂರ್ಯನಿಂದಲೇ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋ ನಮ್ಮ ಮೈಯೊಳಗಿಂದ ಹಾದು ಹೋಗ್ತವೆ, ನಮಗೆ ಗೊತ್ತೂ ಆಗಲ್ಲ. ಕೋಲಾರದಲ್ಲಿ ಹುಡುಕಿದ್ದು ಮೇಲಿನ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳನ್ನ. 1965ರಲ್ಲಿ, 2.3 ಕಿ.ಮೀ. ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಅಂಥ ನ್ಯೂಟ್ರಿನೋ ಬಂಡೆಗೆ ತಾಗಿದ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತು. ಜಗತ್ತಿನಲ್ಲಿ ಮೊದಲು ಈ ಎರಡು ಕಡೆಯೇ.

ಅವರ ಸೊನ್ನೆಗೂ ನನ್ನ ಸೊನ್ನೆಗೂ ವ್ಯತ್ಯಾಸ ಇದೆ. ತಮ್ಮ ಉಪಕರಣಕ್ಕೆ ಏನು ಕಾಣುತ್ತೆ, ಏನು ಕಾಣಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

ಕಾಳು ನಿಂತ ಮೇಲೆ ಅವ್ವ ಟೆರೇಸಿಗೆ ಹೋಗೋದೂ ನಿಂತಿತ್ತು. ನಾನು ಗಮನಿಸಿದ್ದು ಹತ್ತು ದಿನ ಆದಮೇಲೆ. ‘ಮೇಲೆ ಹೋಗಿ ಬಿಸಿಲಿಗಾದ್ರೂ ಕೂತ್ಕೊಳವ್ವ’ ಅಂದೆ. ‘ಕೈಯಲ್ಲಿ ಏನೂ ಇಲ್ದೆ ಸುಮ್ನೆ ಹೋಗಿ ಏನ್ ಮಾಡ್ಲಪ್ಪ?’ ಅಂದರು. ಅದರ ಮಾರನೇ ದಿನ ಬೆಲ್ ಆಯ್ತು. ಬಾಗಿಲಲ್ಲಿ ಕೆಳಗಿನ ಮನೆ ಅಜ್ಜಿ, ಅನಂತಪುರದ ಕಡೆಯವರು, ಕನ್ನಡ ಬರಲ್ಲ. ಫೋಟೋ ಹಾಕಿದವರ ತಾಯಿ, ಆ ಮಗುವಿನ ಅಜ್ಜಿ. ಜಗಳಕ್ಕೆ ಬಂದರು ಅಂದ್ಕೊಂಡೆ. ಅವರು ನನ್ನನ್ನ ದಾಟಿ ಒಳಗೆ ಇಣುಕಿ, ‘ಅಮ್ಮ ಬಾಗುಂದಾ?’ ಅಂತ ಕೇಳಿದರು. ನನ್ನ ತೆಲುಗು ಅಷ್ಟಕ್ಕೆ ಸಾಕಾಗಿತ್ತು.

ಆ ಅಜ್ಜಿಯನ್ನ ನಾನು ನೋಡಿದ್ದೆ. ಏಳು ದಿನದಲ್ಲಿ ಆರು ದಿನ ನೋಡಿದ್ದೆ. ಬಟ್ಟೆ ಒಣಗಿಸೋಕೆ ಬಂದು, ನೀರಿನ ಟ್ಯಾಂಕಿನ ಆ ಕಡೆ ಅವ್ವ ಕೂತ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂರೋರು. ಇಬ್ಬರೂ ಹಕ್ಕಿ ನೋಡ್ತಾ ಕೂರೋರು. ಒಂದು ಮಾತಿಲ್ಲ, ಆಡೋಕೆ ಭಾಷೆಯೂ ಇಲ್ಲ. ಮಾತಾಡಿದರೆ ಗೀಟು ಅಂತ ನಾನೇ ನಿಯಮ ಮಾಡಿದ್ದೆ, ಹಾಗಾಗಿ ಸೊನ್ನೆ.

ಕಾಳು ಹಾಕೋದನ್ನ ನಾವು ಮತ್ತೆ ಶುರು ಮಾಡಲಿಲ್ಲ. ಮಗುವಿನ ಎದೆ ಗೊರಗೊರ ಅನ್ನೋದು ರಾತ್ರಿ ಮೆಟ್ಟಿಲ ತನಕ ಕೇಳಿಸುತ್ತೆ, ಅದರ ಮುಂದೆ ನನ್ನ ಯಾವ ವಾದವೂ ನಿಲ್ಲಲ್ಲ. ಡಿಸೆಂಬರ್ ಬಂತು. ಮಾಗಡಿ ಅವರೆಕಾಯಿ ಎರಡು ಕೆಜಿ ತಂದು ಮೊರಕ್ಕೆ ಸುರಿದು, ‘ಮೇಲೆ ತಗೊಂಡೋಗಿ ಸುಲಿಯವ್ವ, ಇಲ್ಲಿ ಕತ್ಲೆ’ ಅಂದೆ. ಅವ್ವ ಮೊರ ಎತ್ತಿಕೊಂಡು ನನ್ನ ಮುಖ ನೋಡಿದರು.

‘ಎಲ್ಡು ಕೇಜಿ ಯಾರಿಗೋ? ಇರೋರು ಮೂರ್ ಜನ.’

‘ಸುಲಿಯೋಕೆ ಇಬ್ರು ಆಗ್ತೀರಲ್ಲ.’

‘ಹಂಗಾದ್ರೆ ಇನ್ನೊಂದ್ ಮೊರ ಕೊಡು’ ಅಂದರು.